ಮುಂದಿನವರ ಮೊಳ

ಹನ್ನೊಂದು ವರ್ಷಗಳಲ್ಲಿ ಮಾರ್ದನಿ ಯಂತ್ರ ಒಮ್ಮೆಯೂ ತಪ್ಪು ಜಾಗ ತೋರಿಸಿರಲಿಲ್ಲ. ಆದ್ದರಿಂದ ಆ ಸೋಮವಾರ ಮಧ್ಯಾಹ್ನ, ವಿಜಯಪುರದ ಹಳೇ ಊರಿನಲ್ಲಿ ಅದು ಹೇಳಿದ ಜಾಗದಲ್ಲೇ ಆರಡಿ ಉದ್ದದ ಗುಂಡಿ ತೋಡಿ, ಒಳಗಿನ ಕೇಬಲ್ಲಿನ ಮಣ್ಣು ಒರೆಸಿ ನೋಡಿದಾಗ ಅದು ಎಲ್ಲೂ ಸುಡದೆ, ಬಿರಿಯದೆ, ನಿನ್ನೆ ತಾನೇ ಹೂಳಿದಂತೆ ನುಣ್ಣಗೆ ಮಲಗಿದ್ದನ್ನು ಕಂಡು ಸುತ್ತ ನಿಂತವರು ಮತ್ತೊಮ್ಮೆ ನಕಾಶೆ ಬಿಡಿಸಿ ನೋಡಿದರು.

ಮೊದಲು ಬಾಯಿ ಬಿಟ್ಟವಳು ಗುಂಡಿಯೊಳಗಿದ್ದ ರೇಣವ್ವ ತಳವಾರ. ಕೇಬಲ್ಲಿನ ತುಂಡುಗಳನ್ನು ಒಂದಕ್ಕೊಂದು ಜೋಡಿಸುವುದು ಅವಳ ಕೆಲಸ. ಕಚೇರಿಯಲ್ಲಿ ಅಂಥವರನ್ನು ಜಾಯಿಂಟರ್ ಎನ್ನುತ್ತಾರೆ. "ಯಂತ್ರ ತಪ್ಪೈತೋ, ನಾವ ಬ್ಯಾರೆ ಊರಾಗ ತೋಡೇವೋ, ಯಾರರೆ ಒಂದೀಟು ಹೇಳ್ರೆಪಾ" ಎಂದು ಅವಳು ಅಂದದ್ದು ಎರಡು ಮೈಲಿ ದೂರದ ನಿಯಂತ್ರಣ ಕೊಠಡಿಯ ಸ್ಪೀಕರಿನಲ್ಲಿ ಕೇಳಿಸಿತು.

ಅಲ್ಲಿ ಮಾರ್ದನಿಯ ಪರದೆಯ ಮುಂದೆ ಕೂತಿದ್ದವಳು ಸುಗಲಾ ಹೂಗಾರ. ಇಪ್ಪತ್ತಾರು ವರ್ಷದ ಹುಡುಗಿ, ಕೆಲಸಕ್ಕೆ ಸೇರಿ ಮೂರು ವರ್ಷ. ಅವಳು ಕಚೇರಿಯಲ್ಲಿ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ಸಾಹೇಬರ ಮೇಜಿನ ಮೇಲಿಡುತ್ತಿದ್ದಳು. ಹೇಳಬೇಕಿಲ್ಲದ್ದನ್ನು ಮನೆಗೆ ಹೋಗಿ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ರೇಣವ್ವನ ಪ್ರಶ್ನೆಗೆ ಅವಳಲ್ಲಿ ಅರ್ಧ ಉತ್ತರವಿತ್ತು. ಆದರೆ ಅರ್ಧ ಉತ್ತರವನ್ನು ಹತ್ತು ಜನರೆದುರು ಹೇಳುವ ಧೈರ್ಯ ಅವಳಿಗೆ ಎಂದೂ ಇರಲಿಲ್ಲ.

ಆ ಊರಿನಲ್ಲಿ ಕರೆಂಟಿನ ಕಂಬಗಳು ಹೋಗಿ ಮೂವತ್ತೆಂಟು ವರ್ಷವಾಗಿತ್ತು. ಬೇಸಿಗೆ ನಲವತ್ತೆಂಟು ಡಿಗ್ರಿ ಮುಟ್ಟಲು ಶುರುವಾಗಿ, ತಂತಿಗಳು ಬಿಸಿಗೆ ಜೋತುಬಿದ್ದು ಒಂದಕ್ಕೊಂದು ತಾಗತೊಡಗಿದ ಮೇಲೆ ಎಲ್ಲವನ್ನೂ ನೆಲದಡಿಗೆ ಇಳಿಸಿದ್ದರು. ತಂತಿಯ ಮೇಲೆ ಸಾಲಾಗಿ ಕೂತ ಕಾಗೆಗಳನ್ನು ಸುಗಲಾ ನೋಡಿದ್ದು ಶಾಲೆಯ ಚಿತ್ರಪುಸ್ತಕದಲ್ಲಿ ಮಾತ್ರ. ಅದೇ ಕಾಲದಲ್ಲಿ ಓಣಿಗೊಂದರಂತೆ ತಂಪುಮನೆಗಳು ಬಂದವು. ದಪ್ಪ ಗೋಡೆಯ ದೊಡ್ಡ ಹಜಾರ, ಕೆಳಗಿನ ನೆಲಮಾಳಿಗೆಯಲ್ಲಿ ಮಂಜುಗಡ್ಡೆಯ ತೊಟ್ಟಿ. ಬೇಸಿಗೆಯ ಮೂರು ತಿಂಗಳು, ಬೆಳಗಿನ ಹನ್ನೊಂದರಿಂದ ಸಂಜೆ ಐದರವರೆಗೆ, ಓಣಿಯ ಮುದುಕರು, ಬಾಣಂತಿಯರು, ಕೂಸುಗಳು ಅಲ್ಲೇ. ಕರೆಂಟು ಹೋದರೂ ತೊಟ್ಟಿಯ ಮಂಜುಗಡ್ಡೆ ಎರಡು ದಿನ ತಂಪು ಕೊಡುತ್ತದೆ. ಎರಡು ದಿನದ ನಂತರ ಏನು ಎಂಬ ಪ್ರಶ್ನೆ ಹನ್ನೊಂದು ವರ್ಷದಿಂದ ಎದ್ದಿರಲಿಲ್ಲ, ಮಾರ್ದನಿ ಇತ್ತಲ್ಲ.

ಮಾರ್ದನಿಯ ಕೆಲಸವನ್ನು ವಿಜಯಪುರದವರಿಗೆ ವಿವರಿಸುವುದು ಸುಲಭ. ಗೋಳಗುಮ್ಮಟದ ಮೇಲಿನ ಸುತ್ತುಪಡಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟದ ಮಕ್ಕಳು ಆ ಊರಲ್ಲಿಲ್ಲ. ತಟ್ಟಿದ ಸದ್ದು ಹೋಗಿ ಗೋಡೆಗೆ ಬಡಿದು ಮರಳಿ ಬರುತ್ತದೆ. ಬರಲು ಹಿಡಿದ ಹೊತ್ತಿನಿಂದ ಗೋಡೆ ಎಷ್ಟು ದೂರ ಎಂದು ಲೆಕ್ಕ ಹಾಕಬಹುದು. ಹಾಗೆಯೇ ಈ ಯಂತ್ರ ಕೇಬಲ್ಲಿನ ಒಂದು ತುದಿಯಿಂದ ವಿದ್ಯುತ್ತಿನ ಪುಟ್ಟ ಮಿಡಿತವೊಂದನ್ನು ಕಳಿಸುತ್ತದೆ. ಕೇಬಲ್ ಕೆಟ್ಟ ಜಾಗಕ್ಕೆ ಬಡಿದು ಅದು ಮರಳುತ್ತದೆ. ಎಲ್ಲಿ ಜೋಡಣೆಯಿದೆ, ಎಲ್ಲಿ ಬಾಗಿದೆ ಎಂಬುದೂ ಆ ಮಾರ್ದನಿಯಲ್ಲಿ ಪರದೆಯ ಗೆರೆ ಅಲ್ಲಲ್ಲಿ ಉಬ್ಬಿ ಸಣ್ಣ ಸಣ್ಣ ಗುಬುಟುಗಳಾಗಿ ಕಾಣುತ್ತದೆ.

ಇಷ್ಟು ಹಳೆಯ ವಿದ್ಯೆ. ಮಾರ್ದನಿಗೆ ಇನ್ನೊಂದು ಬರುತ್ತಿತ್ತು, ಅದಕ್ಕಾಗಿಯೇ ಸುಗಲಾ ಆ ಕೆಲಸಕ್ಕೆ ಸೇರಿದ್ದಳು. ಕೇಬಲ್ಲಿನ ತಾಮ್ರದ ಮೇಲೆ ಹೊದಿಸಿದ ಪ್ಲಾಸ್ಟಿಕ್ಕಿನ ಪದರ ತಾನು ಉಂಡ ಬಿಸಿಯನ್ನು ಮರೆಯುವುದಿಲ್ಲ. ದಿನದಿನದ ಕಾವು ಅದರೊಳಗೆ ಸಿಕ್ಕಿಬಿದ್ದ ವಿದ್ಯುತ್ ಕಣಗಳನ್ನು ಒಂದಿಷ್ಟು ಕದಲಿಸಿ, ಮರದ ಕಾಂಡದ ಉಂಗುರಗಳಂತೆ ಒಂದರ ಮೇಲೊಂದು ಗೆರೆ ಉಳಿಸುತ್ತದೆ. ಮಾರ್ದನಿ ಆ ಗೆರೆಗಳನ್ನು ಓದಬಲ್ಲದು. ಹೀಗಾಗಿ ಮೂವತ್ತೆಂಟು ವರ್ಷ ನೆಲದಡಿ ಮಲಗಿದ ಕೇಬಲ್ಲು ತನ್ನ ಮೇಲೆ ಬದುಕಿದ ಊರಿನ ಕಥೆಯನ್ನು ಅವಳಿಗೆ ಹೇಳುತ್ತಿತ್ತು. ಮದುವೆ ಮಂಟಪದ ಮುಂದೆ ಕೇಬಲ್ಲು ಮುಹೂರ್ತದ ತಿಂಗಳುಗಳಲ್ಲಿ ಬಿಸಿಯೇರುತ್ತಿತ್ತು. ಹಳೇ ಊರಿನ ಬೇಕರಿಯ ಭಟ್ಟಿ ದಿನಾ ನಸುಕಿನಲ್ಲಿ ನೆಲವನ್ನು ಕಾಯಿಸುತ್ತಿತ್ತು, ರಮಜಾನಿನಲ್ಲಿ ಮಾತ್ರ ಮಧ್ಯಾಹ್ನಕ್ಕೆ. ಹದಿನೇಳು ವರ್ಷದ ಹಿಂದೆ ಆ ಭಟ್ಟಿ ನಲವತ್ತು ದಿನ ಆರಿತ್ತು. ಯಾರು ತೀರಿಕೊಂಡಿದ್ದರೋ ಎಂದು ಸುಗಲಾ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು.

ಆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹಳೇ ಊರಿನ ಫೀಡರು, ಅಂದರೆ ಆ ಭಾಗಕ್ಕೆಲ್ಲ ಕರೆಂಟು ಒಯ್ಯುವ ಮುಖ್ಯ ಕೇಬಲ್ಲು, ಸತ್ತಿತು. ಕಂಬಗಳು ಹೋದಾಗ ಹೂಳಿದ ಕೇಬಲ್ಲುಗಳಲ್ಲಿ ಇನ್ನೂ ಬದಲಾಗದೆ ಉಳಿದದ್ದು ಅದೊಂದೇ. ಕೇಬಲ್ಲಿನ ಬುಡದಿಂದ ಮೂರು ಸಾವಿರದ ಇನ್ನೂರ ಹದಿನಾಲ್ಕನೇ ಮೀಟರಿನಲ್ಲಿ ಕೆಟ್ಟಿದೆ ಎಂದಿತು ಮಾರ್ದನಿ. ನಕಾಶೆಯಲ್ಲಿ ಅಷ್ಟು ದೂರ ಎಲ್ಲಿ ಬರುತ್ತದೋ ಅಲ್ಲಿ ಅಗೆದರು. ಏನೂ ಇಲ್ಲ.

ಮನಸ್ಸಿಗೆ ಬಂದಲ್ಲೆಲ್ಲ ಅಗೆಯುವಂತಿರಲಿಲ್ಲ. ಹಳೇ ಊರಿನ ನೆಲದಡಿ ಬಾದಶಹರ ಕಾಲದ ಮಣ್ಣಿನ ನೀರುಕೊಳವೆಗಳಿವೆ. ಅವಕ್ಕೆ ಧಕ್ಕೆಯಾಗದಂತೆ ಒಂದು ದುರಸ್ತಿಗೆ ಮೂರೇ ಗುಂಡಿ, ಆರಾರು ಅಡಿ, ಅದರ ಮೇಲೆ ಒಂದೂ ಇಲ್ಲವೆಂದು ಕಾಯಿದೆ. ಮಂಗಳವಾರ ಬೆಳಿಗ್ಗೆ ಮೊದಲ ಗುಂಡಿಗೆ ಹತ್ತಿಯೇ ಪಡುವಣಕ್ಕೆ ಎರಡನೆಯದನ್ನು ತೋಡಿದರು. ಅಲ್ಲೂ ಕೇಬಲ್ಲು ನುಣ್ಣಗೆ ಮಲಗಿತ್ತು.

ಉಳಿದದ್ದು ಒಂದೇ ಗುಂಡಿ. ತಂಪುಮನೆಗಳ ಮಂಜುಗಡ್ಡೆ ಕೈ ಬಿಗಿಹಿಡಿದು ಬಳಸಿದರೆ ಬುಧವಾರ ಮಧ್ಯಾಹ್ನ ಎರಡರವರೆಗೆ ಬರುತ್ತಿತ್ತು.

ಸುಗಲಾಳ ಅರ್ಧ ಉತ್ತರ ಹೀಗಿತ್ತು. ಬೇಕರಿಯ ಭಟ್ಟಿ ನಕಾಶೆಯ ಪ್ರಕಾರ ಮೂರು ಸಾವಿರದ ಇಪ್ಪತ್ತನೇ ಮೀಟರಿನ ಮೇಲಿತ್ತು. ಕೇಬಲ್ಲಿನ ನೆನಪಿನಲ್ಲಿ ಅದರ ಕಾವು ಮೂರು ಸಾವಿರದ ನಲವತ್ತೇಳರ ಸುತ್ತ ಕಾಣುತ್ತಿತ್ತು. ಅದಕ್ಕೂ ಹಿಂದಿನ ಮದುವೆ ಮಂಟಪದ ಹತ್ತಿರ ಅಂತರ ಬರೀ ಹದಿನಾಲ್ಕು ಮೀಟರು. ಬುಡದಲ್ಲಿ ಏನೂ ಅಂತರವಿಲ್ಲ. ಅಂದರೆ ನೆಲದ ದಾರಿಗಿಂತ ಕೇಬಲ್ಲು ಉದ್ದವಿತ್ತು, ಮುಂದೆ ಹೋದಂತೆ ಹೆಚ್ಚುಹೆಚ್ಚು ಉದ್ದವಾಗುತ್ತಿತ್ತು. ಎಲ್ಲೋ ಯಾರೋ ಕೇಬಲ್ಲನ್ನು ಬಚ್ಚಿಟ್ಟಂತೆ.

ಇದನ್ನು ಬರೆದ ಚೀಟಿಯನ್ನು ಮುಖ್ಯ ಎಂಜಿನಿಯರ್ ಹಂಚಿನಾಳ ಸಾಹೇಬರು ಎರಡು ಸಲ ಓದಿದರು. ಒಳ್ಳೆಯ ಮನುಷ್ಯರೇ. ಆದರೆ ಕಾವಿನ ಗೆರೆಗಳು ನೆಲದಲ್ಲಿ ಹರಡಿ ಮಸುಕಾಗುತ್ತವೆ, ಹತ್ತು ಮೀಟರು ಆಚೆ ಈಚೆ ಆಗುತ್ತದೆ, ಆರಡಿ ಗುಂಡಿಯನ್ನು ಅದರ ಮೇಲೆ ಹೇಗೆ ಇಡಲಿ ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆಯೇ ಆಗಿತ್ತು. ಸುಗಲಾ ತಲೆ ತಗ್ಗಿಸಿ ತನ್ನ ಜಾಗಕ್ಕೆ ಬಂದಳು.

ನೋಟ್‌ಬುಕ್ಕಿನಲ್ಲಿ ಇನ್ನೊಂದು ವಿಷಯವೂ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೇ ಫೀಡರಿನ ಮಾರ್ದನಿ ನೋಡುತ್ತಿದ್ದಾಗ, ಪ್ರತಿ ಜೋಡಣೆಯ ಗುರುತಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಗುಬುಟು ಇರುವುದನ್ನು ಅವಳು ಗಮನಿಸಿದ್ದಳು. ಯಂತ್ರ ಅದಕ್ಕೆ 'ಅಪರಿಚಿತ ದೋಷ, ಕಡೆಗಣಿಸಬಹುದು' ಎಂದು ಹೆಸರು ಕೊಟ್ಟಿತ್ತು. ಯಾರಿಗೂ ಬೇಡವಾದ ಆ ಗುಬುಟುಗಳನ್ನು ಅವಳು ಒಂದೊಂದಾಗಿ ಎಣಿಸಿ ಬರೆದಿಟ್ಟಿದ್ದಳು. ಈಗ ಕೆಟ್ಟ ಜಾಗದವರೆಗೆ ಇಪ್ಪತ್ತು ಜೋಡಣೆ, ಹತ್ತೊಂಬತ್ತು ಗುಬುಟು. ಒಂಬತ್ತನೆಯ ಜೋಡಣೆಗೆ ಮಾತ್ರ ಇಲ್ಲ. ಕೆಟ್ಟ ಜಾಗ ದಾಟಿ ಎರಡೇ ಅಡಿಗೆ ಇನ್ನೊಂದು ಜೋಡಣೆ, ಅದಕ್ಕೂ ಗುಬುಟು.

ಮಂಗಳವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ಉಗ್ರಾಣಕ್ಕೆ ಹೋಗಿ ಹಳೆಯ ಜೋಡಣೆ ರಿಜಿಸ್ಟರು ಹುಡುಕಿ ತೆಗೆದಳು. ಹಳದಿಗಟ್ಟಿದ ಹಾಳೆಗಳು. ಇಪ್ಪತ್ತೊಂದು ಜೋಡಣೆಗಳ ಮುಂದೆ ಒಂದೇ ಸಹಿ, ಗುಂಡಗೆ, ಶಾಲೆಯ ಹುಡುಗನ ಅಕ್ಷರದಂತೆ: ದಾ. ಮುಜಾವರ.

*

ಸುಗಲಾಳ ತಾಯಿ ಕಾಶೀಬಾಯಿ ಅವರ ಓಣಿಯ ತಂಪುಮನೆಯನ್ನು ನೋಡಿಕೊಳ್ಳುತ್ತಿದ್ದಳು. ಮೊದಲು ಮಾರುಕಟ್ಟೆಯಲ್ಲಿ ಹೂವು ಮಾರುತ್ತಿದ್ದವಳು. ಬೇಸಿಗೆಯಲ್ಲಿ ಹೂವು ಹತ್ತು ಗಂಟೆಗೇ ಬಾಡತೊಡಗಿದ ಮೇಲೆ ಈ ಕೆಲಸ ಹಿಡಿದಳು. ಆದರೂ ಕೈ ಸುಮ್ಮನಿರುವುದಿಲ್ಲ. ಯಾರದಾದರೂ ಮನೆಯ ತೊಟ್ಟಿಲು, ಉಡಿ ತುಂಬುವುದು ಇದ್ದರೆ ತಂಪುಮನೆಯ ಮೂಲೆಯಲ್ಲಿ ಕೂತು ಮಲ್ಲಿಗೆ ಕಟ್ಟಿ ಕೊಡುತ್ತಿದ್ದಳು.

ಸುಗಲಾ ಒಳಗೆ ಕಾಲಿಟ್ಟಾಗ ತಂಪು ಆಗಲೇ ಅರ್ಧವಾಗಿತ್ತು. ಎಲ್ಲರನ್ನೂ ಒಟ್ಟಿಗೆ ಕೂರಿಸಲಾಗದೆ ಕಾಶೀಬಾಯಿ ಎರಡೆರಡು ತಾಸಿನ ಪಾಳಿ ಮಾಡಿದ್ದಳು. ಪಾಳಿ ಮುಗಿದವರು ಎದ್ದು ಹೋಗಲು ಮನಸ್ಸಿಲ್ಲದೆ ಒಂದೊಂದು ನೆವ ಹೇಳುತ್ತಿದ್ದರು. ಒಬ್ಬಳಿಗೆ ಚಪ್ಪಲಿ ಸಿಗುತ್ತಿಲ್ಲ, ಇನ್ನೊಬ್ಬರಿಗೆ ಮೊಮ್ಮಗ ಬಂದಿಲ್ಲ. ಮೂರು ಕೂಸುಗಳನ್ನು ನೆಲಮಾಳಿಗೆಯ ಮೆಟ್ಟಿಲ ಬಾಯಿಗೆ, ತಂಪು ಏಳುವ ಜಾಗದಲ್ಲಿ ಮಲಗಿಸಿದ್ದರು. ಅವುಗಳ ತಾಯಂದಿರು ಸೆರಗಿನಿಂದ ಗಾಳಿ ಹಾಕುತ್ತ ಗೋಡೆಯ ಮೇಲಿನ ಉಷ್ಣಮಾಪಕ ನೋಡುತ್ತಿದ್ದರು. ಇಪ್ಪತ್ತೊಂಬತ್ತು ಇದ್ದದ್ದು ಮೂವತ್ತೊಂದಾಗಿತ್ತು. ಹೊರಗೆ ನಲವತ್ತೇಳು.

ಸುಗಲಾ ತಾಯಿಯ ಕಿವಿಯ ಹತ್ತಿರ ಬಾಗಿ, ಮುಜಾವರ ಅನ್ನುವ ಹಳೆಯ ಜಾಯಿಂಟರ್ ಯಾರಾದರೂ ಗೊತ್ತೇ ಎಂದು ಕೇಳಿದಳು. ಕಾಶೀಬಾಯಿ ಹೂವಿನ ದಾರ ಹಲ್ಲಿನಲ್ಲಿ ಹಿಡಿದೇ ಬಾಗಿಲ ಕಡೆ ಕಣ್ಣು ತೋರಿಸಿದಳು.

"ದಾವಲಸಾಬ ಕಾಕಾ. ಮೂರು ವರ್ಷ ಆತು, ದಿನಾ ಅಲ್ಲೇ ಕುಂದರತಾನ. ನೀ ದಿನಾ ಅವನ ಮುಂದಿಂದನ ದಾಟಿ ಬರ್ತೀ. ಮಾತಿಗೂ ರೇಶನ್ ಐತೇನವ್ವಾ ನಿನಗ?"

ಬಾಗಿಲ ಪಕ್ಕದ ಬಿಸಿ ಜಾಗದಲ್ಲಿ, ತಂಪಿನ ಜಾಗವನ್ನು ಬೇರೆಯವರಿಗೆ ಬಿಟ್ಟು, ಎತ್ತರದ ಮುದುಕನೊಬ್ಬ ಮೊಣಕಾಲು ಕಟ್ಟಿಕೊಂಡು ಕೂತಿದ್ದ. ಎಪ್ಪತ್ತೊಂಬತ್ತು ವರ್ಷ. ಉದ್ದನೆಯ ಕೈಗಳು, ಬೆರಳ ತುದಿಗಳಲ್ಲಿ ಹಳೆಯ ಸುಟ್ಟ ಕಲೆಗಳು. ಅವನ ಮುಂದೆ ಹೋಗಿ ನಿಲ್ಲಲು ಸುಗಲಾಳಿಗೆ ಹಜಾರದ ಉದ್ದಕ್ಕಿಂತ ಹೆಚ್ಚು ದೂರ ನಡೆದಂತಾಯಿತು. ನೋಟ್‌ಬುಕ್ಕು ತೆರೆದು ಗುಬುಟುಗಳ ಚಿತ್ರ ತೋರಿಸಿ, ಹಳೇ ಫೀಡರಿನ ಜೋಡಣೆಗಳ ಪಕ್ಕ ಇವೇನು ಎಂದು ಕೇಳಿದಳು. ದನಿ ಅವಳಿಗೇ ಕೇಳಿಸಲಿಲ್ಲ.

ಮುದುಕ ಚಿತ್ರ ನೋಡಿದ, ಅವಳ ಕೊರಳಿನಲ್ಲಿದ್ದ ಕಚೇರಿಯ ಪಟ್ಟಿ ನೋಡಿದ.

"ಮತ್ತ ಮೆಮೋ ತಂದೀಯೇನವ್ವಾ?" ಎಂದ. "ಹಳೇದಕ್ಕ ನಾ ಇನ್ನೂ ಉತ್ತರ ಕೊಟ್ಟಿಲ್ಲ."

ಇಲ್ಲ ಎಂದು ಅವಳು ಗಾಬರಿಯಿಂದ ತಲೆಯಾಡಿಸಿದಳು. ಆಗ ಅವನು ನಕ್ಕು ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

ಅವನು ಹೇಳಿದ್ದು ಹೀಗೆ. ಹಳೇ ಊರಿಗೆ ಕೇಬಲ್ ಬರುವುದಕ್ಕೂ ಮೊದಲು, ಸ್ಟೇಷನ್ ಕಡೆಯ ಒಂದು ಓಣಿಗೆ ಪ್ರಯೋಗಕ್ಕೆಂದು ಕೇಬಲ್ ಹಾಕಿದ್ದರು. ಆರು ವರ್ಷಕ್ಕೆ ಅಲ್ಲೊಂದು ಜೋಡಣೆ ಸುಟ್ಟಿತು. ಅವನು ಗುಂಡಿಗಿಳಿದು ಸುಟ್ಟ ಭಾಗ ಕತ್ತರಿಸಿ ತೆಗೆದ. ಎರಡೂ ತುದಿ ಕೂಡಿಸಲು ನೋಡಿದರೆ ನಾಲ್ಕು ಬೊಟ್ಟಿನಷ್ಟು ಕಮ್ಮಿ. ಎಳೆದ, ಜಗ್ಗಿದ, ಆಳು ಕರೆಸಿ ಎಳೆಸಿದ. ನೆಲದೊಳಗಿನ ಕೇಬಲ್ಲು ಎಳೆದರೆ ಬರುತ್ತದೆಯೇ? ತುಂಡು ಕೇಬಲ್ಲು ಬೇರೆ ಊರಿನಿಂದ ಬರಬೇಕಾಯಿತು. ಒಂಬತ್ತು ದಿನ ಓಣಿ ಕತ್ತಲೆಯಲ್ಲಿತ್ತು.

"ಗುಂಡ್ಯಾಗ ನಿಂತು ಆ ಜಾಯಿಂಟ್ ಮಾಡಿದಾಂವಗ ಬೈದೆ ನೋಡವ್ವಾ, ಬಾಯಿಗಿ ಬಂದಂಗ ಬೈದೆ. ಒಂದೀಟು ಸಡಿಲು ಬಿಡಾಕ ಏನ್ ರೋಗ ಬಂದಿತ್ತೋ ನಿನಗ ಅಂತ. ಹತ್ತನೇ ದಿನ ರಿಜಿಸ್ಟರ್ ತಗದು ನೋಡಿದ್ರ, ಸಹಿ ನಂದ."

ಅಂದಿನಿಂದ ಅವನು ಪ್ರತಿ ಜೋಡಣೆಯ ಪಕ್ಕದಲ್ಲಿ ಮೂರು ಮೊಳ ಕೇಬಲ್ಲನ್ನು ಬಾಗಿಸಿ, ಮೆತ್ತಗೆ ಮರಳು ಹಾಸಿ, ಮೇಲೆ ಇಟ್ಟಂಗಿ ಇಟ್ಟು ಹೂಳಿದ. ನಕಾಶೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೇಳಿದವರಿಗೆ, ಇದು ಮುಂದಿನವನ ಮೊಳ, ನಾಳೆ ಈ ಗುಂಡಿಗೆ ಇಳಿಯುವವನದು ಎನ್ನುತ್ತಿದ್ದ. ಕೇಬಲ್ಲು ದಂಡ ಮಾಡಿದ್ದೀ ಎಂದು ಮೆಮೋ ಬಂತು. ಬಂದಮೇಲೂ ಮೊಳ ಬಿಟ್ಟೇ ಹೂಳಿದ. ಇಪ್ಪತ್ತೊಂದು ಜೋಡಣೆ, ಒಂದಕ್ಕೆ ಮಾತ್ರ ಬಿಡಲಾಗಲಿಲ್ಲವಂತೆ.

ಸುಗಲಾ ನೋಟ್‌ಬುಕ್ಕಿನ ಹಾಳೆ ತಿರುವಿದಳು. ಯಾವುದಕ್ಕೆ ಎಂದು ಕೇಳಿದಳು.

"ಒಂಬತ್ತನೇದಕ್ಕ. ಆವತ್ತ ಸಾಹೇಬ್ರು ಟೇಪ್ ಹಿಡಕೊಂಡು ಗುಂಡಿ ದಂಡಿಗೇ ನಿಂತಿದ್ರು."

ಅವಳು ನೋಟ್‌ಬುಕ್ಕಿನ ಆ ಸಾಲಿನ ಮೇಲೆ ಬೆರಳಿಟ್ಟಳು. ಮೂರು ವರ್ಷದ ಹಿಂದೆ ಅವಳದೇ ಕೈಯಲ್ಲಿ ಬರೆದದ್ದು: ಒಂಬತ್ತಕ್ಕೆ ಇಲ್ಲ. ಮೊದಲ ಬಾರಿಗೆ ಅವಳು ಅವನ ಮುಖವನ್ನು ನೇರವಾಗಿ ನೋಡಿದಳು. ಎಷ್ಟು ಉದ್ದ ಇರಬಹುದು ಕಾಕಾ, ಒಂದು ಮೊಳ ಎಂದರೆ ಎಷ್ಟು ಹಿಡಿಯಲಿ, ನಲವತ್ತೈದು ಸೆಂಟಿಮೀಟರೇ ಎಂದಳು.

ಮೂಲೆಯಿಂದ ಕಾಶೀಬಾಯಿ, ಪುಸ್ತಕದ ಮೊಳ ಬೇರೆ ಮಂದಿಯ ಮೊಳ ಬೇರೆ ಎಂದು ನಕ್ಕಳು. ಮಾರುಕಟ್ಟೆಯಲ್ಲಿ ಅವಳ ಪಕ್ಕದವಳ ಮೊಳ ಗೇಣಿಗಿಂತ ತುಸುವೇ ದೊಡ್ಡದಿತ್ತಂತೆ. "ಕಾಕಾನ ಕೈ ನೋಡು, ತೆಂಗಿನ ಗರಿ ಆಗೇತಿ. ನಾ ಅವನ ಕೈಲೆ ಅಳದು ಹೂವ ಮಾರಿದ್ರ ಮೂರ ದಿನದಾಗ ಮನೀ ಸೇರತಿದ್ದೆ."

ದಾವಲಸಾಬ ಅಂಗಿಯ ತೋಳು ಮೇಲೇರಿಸಿ ಬಲಗೈ ಮುಂದೆ ಚಾಚಿದ. ಸುಗಲಾ ಚೀಲದಿಂದ ಟೇಪು ತೆಗೆದು, ಮೊಳಕೈಯ ಎಲುಬಿನಿಂದ ನಡುಬೆರಳಿನ ತುದಿಯವರೆಗೆ ಅಳೆದಳು. ಐವತ್ತೊಂದು. ನಂಬದೆ ಇನ್ನೊಮ್ಮೆ ಅಳೆದಳು. ಐವತ್ತೊಂದೇ. ಕೈ ಒಂದಿಷ್ಟೂ ಅಲುಗಾಡಲಿಲ್ಲ.

ಮೂರು ಮೊಳಕ್ಕೆ ಒಂದು ಮೀಟರು ಐವತ್ತಮೂರು. ಹತ್ತೊಂಬತ್ತು ಸಲ ಅಂದರೆ ಇಪ್ಪತ್ತೊಂಬತ್ತು ಮೀಟರು, ಏಳು ಸೆಂಟಿಮೀಟರು. ಬೇಕರಿಯವರೆಗಿನ ಹದಿನೆಂಟು ಗುಬುಟಿಗೆ ಇಪ್ಪತ್ತೇಳೂವರೆ ಮೀಟರು. ಕೇಬಲ್ಲಿನ ನೆನಪು ಹೇಳಿದ್ದೂ ಅಷ್ಟೇ ಅಲ್ಲವೇ.

*

ಕಚೇರಿಗೆ ಬಂದಾಗ ಸಂಜೆ ಐದು. ಹಂಚಿನಾಳ ಸಾಹೇಬರು ಮೂರನೇ ಗುಂಡಿಯ ಕಾಗದ ಮುಂದಿಟ್ಟುಕೊಂಡಿದ್ದರು. ಮೊದಲ ಗುಂಡಿಯ ಮೂಡಣ ಬದಿಗೆ ಎಂದು ಬರೆದಾಗಿತ್ತು, ಸಹಿ ಮಾತ್ರ ಬಾಕಿ. ಸುಗಲಾಳ ಕೈಯಲ್ಲಿ ಚೀಟಿ ಇತ್ತು. ಆದರೆ ಮೇಜಿನ ಮೇಲೆ ಆಗಲೇ ಹದಿನೈದು ಚೀಟಿ, ಕಾಗದ ಹರಡಿದ್ದವು. ಇದನ್ನು ಅಲ್ಲಿಟ್ಟು ತನ್ನ ಜಾಗಕ್ಕೆ ಹೋದರೆ ಅವರು ಓದುವಷ್ಟರಲ್ಲಿ ಸಹಿ ಆಗಿಬಿಡುತ್ತದೆ. ಮೆಟ್ಟಿಲ ಬಾಯಲ್ಲಿ ಮಲಗಿಸಿದ ಕೂಸುಗಳು ಕಣ್ಣ ಮುಂದೆ ಬಂದವು.

"ಸರ್, ಮಾರ್ದನಿ ತಪ್ಪು ಹೇಳಿಲ್ರಿ," ಎಂದಳು. ಕೊಠಡಿಯ ನಾಲ್ಕು ತಲೆಗಳು ಒಮ್ಮೆಲೇ ತಿರುಗಿದವು. "ಅದು ಕೇಬಲ್ ಅಳದು ಹೇಳೇತಿ. ನಾವು ನೆಲ ಅಳದು ತೋಡೇವಿ. ಎರಡರ ನಡುವ ಇಪ್ಪತ್ತೊಂಬತ್ತು ಮೀಟರ್ ಐತ್ರಿ."

ಮುಂದಿನದನ್ನು ಹೇಗೆ ಹೇಳಿದಳೋ ಅವಳಿಗೆ ಆಮೇಲೆ ನೆನಪಾಗಲಿಲ್ಲ. ರಿಜಿಸ್ಟರು, ಗುಬುಟುಗಳು, ಭಟ್ಟಿಯ ಕಾವು, ಒಂಬತ್ತನೆಯ ಜೋಡಣೆ, ಎಲ್ಲವನ್ನೂ ಹೇಳಿದಳು. ಸಾಹೇಬರು ಪೆನ್ನಿನ ಮುಚ್ಚಳ ಕಚ್ಚುತ್ತ ಕೇಳಿದರು. ಕೊನೆಗೆ, ಇಪ್ಪತ್ತೊಂಬತ್ತು ಮೀಟರು ಏಳು ಸೆಂಟಿಮೀಟರು ಎಂದು ಇಷ್ಟು ಖಚಿತವಾಗಿ ಹೇಳುತ್ತೀಯಲ್ಲ, ಅಳತೆಗೋಲು ಯಾವುದು ಎಂದರು.

"ದಾವಲಸಾಬ ಮುಜಾವರರ ಕೈರಿ."

ಯಾರೋ ಹಿಂದೆ ನಕ್ಕರು. ಸಾಹೇಬರು ನಗಲಿಲ್ಲ. ತಪ್ಪಾದರೆ ನಾಳೆ ಮಧ್ಯಾಹ್ನಕ್ಕೆ ಅರವತ್ತು ತಂಪುಮನೆಗಳನ್ನು ಖಾಲಿ ಮಾಡಿಸಿ ಅಷ್ಟು ಜನರನ್ನು ಬಿಸಿಲಿನಲ್ಲಿ ಬೇರೆ ಊರಿಗೆ ಸಾಗಿಸಬೇಕು, ಎಲ್ಲರೂ ತಲುಪುವುದಿಲ್ಲ, ಅದು ನಿನಗೆ ಗೊತ್ತಿದೆಯೇ ಎಂದು ಮೆತ್ತಗೆ ಕೇಳಿದರು. ಗೊತ್ತಿದೆ, ಅವರಲ್ಲಿ ನನ್ನ ಅವ್ವನೂ ಇದ್ದಾಳೆ ಎಂದಳು ಸುಗಲಾ.

ಅವರು ಮೂಡಣ ಬದಿ ಎಂಬುದನ್ನು ಹೊಡೆದು ಹಾಕಿ, ಹೊಸ ಅಂಕಿ ಬರೆದು ಸಹಿ ಮಾಡಿದರು.

*

ಬುಧವಾರ ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಬಳೆಗಾರರ ಅಂಗಡಿಯೊಂದರ ಮೆಟ್ಟಿಲ ಮುಂದೆ, ಮೊದಲ ಗುಂಡಿಯಿಂದ ಇಪ್ಪತ್ತೊಂಬತ್ತು ಮೀಟರು ಹಿಂದಕ್ಕೆ, ರೇಣವ್ವ ಸುಣ್ಣದ ಗೆರೆ ಎಳೆದಳು. ಸುಗಲಾ ಅಂದು ನಿಯಂತ್ರಣ ಕೊಠಡಿಯಲ್ಲಿ ಕೂರಲಾರದೆ ಅಲ್ಲಿಗೇ ಬಂದಿದ್ದಳು. ಮೂರು ಅಡಿ ಇಳಿಯುತ್ತಲೇ ವಾಸನೆ ಬಂತು, ಸುಟ್ಟ ಪ್ಲಾಸ್ಟಿಕ್ಕಿನದು. ಅಷ್ಟು ಕೆಟ್ಟ ವಾಸನೆ ಅಷ್ಟು ಹಿತವಾಗಿ ಅವಳಿಗೆ ಎಂದೂ ಅನಿಸಿರಲಿಲ್ಲ. ರೇಣವ್ವ ಮಣ್ಣು ಸರಿಸಿ, ಮುಷ್ಟಿಗಾತ್ರದ ಕರಕಲು ತೂತನ್ನು ಟಾರ್ಚು ಹಾಕಿ ತೋರಿಸಿದಳು. ಹಳೆಯ ನೀರುಕೊಳವೆಯೊಂದು ಜಿನುಗಿ ಕೇಬಲ್ಲಿನ ಹೊಟ್ಟೆಗೆ ನೀರು ಸೇರಿತ್ತು.

ಹತ್ತೂವರೆಗೆ ಸುಟ್ಟದ್ದನ್ನೂ ನೀರು ಕುಡಿದದ್ದನ್ನೂ ಕತ್ತರಿಸಿ ತೆಗೆದಾಯಿತು. ಆಮೇಲೆ ರೇಣವ್ವ ಎರಡು ತುದಿಗಳನ್ನೂ ಹಿಡಿದು ಸುಮ್ಮನೆ ನಿಂತಳು. ನಡುವೆ ಎರಡು ಮೊಳದಷ್ಟು ಬಯಲು. ಈ ಜಾತಿಯ ಕೇಬಲ್ಲು ಮಾಡುವುದನ್ನು ಬಿಟ್ಟು ಹದಿನೈದು ವರ್ಷವಾಗಿತ್ತು, ಉಗ್ರಾಣದಲ್ಲಿ ಒಂದು ಗೇಣೂ ಇಲ್ಲ. ಹೊಸ ಕೇಬಲ್ಲು ಇದಕ್ಕೆ ಕೂಡುವುದಿಲ್ಲ.

"ಜಾಗ ಸಿಕ್ತು, ಕೇಬಲ್ ಸಿಗವಲ್ದು," ಎಂದು ಅವಳು ಗುಂಡಿಯ ದಂಡೆಗೆ ಒರಗಿದಳು. ಅವಳ ಹಾಸ್ಯವೆಲ್ಲ ಆರಿಹೋಗಿತ್ತು.

ಮುದುಕ ಬೈದುಕೊಂಡು ನಿಂತ ಗುಂಡಿ ಸುಗಲಾಳ ಕಣ್ಣಿಗೆ ಕಟ್ಟಿತು. ನಾಲ್ಕು ಬೊಟ್ಟು ಕಮ್ಮಿ ಬಿದ್ದದ್ದು. ಅವಳು ನೋಟ್‌ಬುಕ್ಕು ತೆರೆದಳು. ಕೆಟ್ಟ ಜಾಗದಿಂದ ಎರಡೇ ಅಡಿ ಆಚೆ ಇಪ್ಪತ್ತೊಂದನೆಯ ಜೋಡಣೆ, ಅದರ ಗುಬುಟು. ಇದುವರೆಗೆ ಅವಳು ಅದನ್ನು ಲೆಕ್ಕದಿಂದ ಬಿಟ್ಟಿದ್ದಳು, ಏಕೆಂದರೆ ಅಳತೆಗೆ ಅದು ಬೇಕಿರಲಿಲ್ಲ.

"ರೇಣಕ್ಕಾ, ಆ ತುದೀಗೆ ಗ್ವಾಡಿ ಕಡೆ ಕೈಲೆ ಕೆದರ್ರಿ. ಸಲಿಕಿ ಬ್ಯಾಡ."

ರೇಣವ್ವ ಮೊಣಕಾಲೂರಿ ಕೆದರಿದಳು. ಮೊದಲು ಒಂದು ಸಾಲು ಇಟ್ಟಂಗಿ. ಅದನ್ನೆತ್ತಿದರೆ ಮರಳು, ಹೊಳೆಯ ಮರಳು, ಜರಡಿ ಹಿಡಿದದ್ದು, ಮೂವತ್ತೆಂಟು ವರ್ಷದ ಮೇಲೂ ಒಂದು ಕಲ್ಲಿಲ್ಲ. ಮರಳಿನೊಳಗೆ, ತೊಟ್ಟಿಲಲ್ಲಿ ಮಲಗಿಸಿದ ಹಾಗೆ, ಬಾಗಿದ ಕೇಬಲ್ಲು. ಅವಳು ಎರಡೂ ಕೈಯಿಂದ ಎತ್ತಿ ಮೆಲ್ಲಗೆ ಎಳೆದಳು. ಬಂತು. ಇನ್ನೂ ಎಳೆದಳು, ಇನ್ನೂ ಬಂತು.

ಆಮೇಲೆ ರೇಣವ್ವ ಬೆವರು ಒರೆಸಿಕೊಳ್ಳುವ ನೆವದಲ್ಲಿ ಕಣ್ಣೂ ಒರೆಸಿಕೊಂಡು, "ಯಾರ ಪುಣ್ಯಾತ್ಮನೋ, ನಾ ಬರತೇನಂತ ಅವಗ ಯಾರ ಹೇಳಿದ್ರು?" ಎಂದಳು.

ಜೋಡಣೆ ಕಟ್ಟಲು ಮೂರು ತಾಸು ಹಿಡಿಯಿತು. ಮೂರು ಮೊಳದಲ್ಲಿ ಎರಡು ಮೊಳ ಖರ್ಚಾಗಿ ಒಂದು ಮೊಳ ಉಳಿಯಿತು. ಅದನ್ನು ಹೇಗೆ ಬಿಡಬೇಕೆಂದು ರೇಣವ್ವ ಯಾರನ್ನೂ ಕೇಳಲಿಲ್ಲ. ಅದೇ ಮರಳಿನಲ್ಲಿ ಬಾಗಿಸಿ ಮಲಗಿಸಿ, ಅದೇ ಇಟ್ಟಂಗಿಗಳನ್ನು ಮೇಲಿಟ್ಟಳು.

ಒಂದು ಗಂಟೆ ಐವತ್ತು ನಿಮಿಷಕ್ಕೆ ಹಳೇ ಊರಿಗೆ ಕರೆಂಟು ಬಂತು.

*

ಸುಗಲಾ ತಂಪುಮನೆಗೆ ಬಂದಾಗ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಪಾಳಿ ಮುರಿದು ಎಲ್ಲರೂ ಒಳಗೆ ಬಂದಿದ್ದರು. ಕೂಸುಗಳಲ್ಲಿ ಒಂದು ಹಟ ಹಿಡಿದು ಅಳುತ್ತಿತ್ತು, ಅದು ಅಳುವಷ್ಟು ಗಟ್ಟಿಯಾಗಿದೆ ಎಂದು ಅದರ ತಾಯಿ ನಗುತ್ತಿದ್ದಳು. ದಾವಲಸಾಬ ಬಾಗಿಲ ಪಕ್ಕದ ತನ್ನ ಜಾಗದಲ್ಲೇ ಇದ್ದ.

ದಾರಿಯುದ್ದಕ್ಕೂ ಅವಳು ಹೇಳಬೇಕಾದ ಮಾತು ಜೋಡಿಸಿಕೊಂಡು ಬಂದಿದ್ದಳು. ತಾನು ಹುಟ್ಟಿದ ದಿನ ಹೆರಿಗೆ ಕೋಣೆಯಲ್ಲಿ ಉರಿದ ದೀಪ, ಪರೀಕ್ಷೆಗೆ ಓದಿದ ದೀಪ, ಅಪ್ಪ ತೀರಿಕೊಂಡ ವರ್ಷ ಅವ್ವ ರಾತ್ರಿಯೆಲ್ಲ ಹೂವು ಕಟ್ಟಿದ ದೀಪ, ಎಲ್ಲವೂ ಇವನ ಕೈಯ ಜೋಡಣೆಗಳನ್ನು ದಾಟಿಯೇ ಬಂದಿದ್ದವು, ಮತ್ತು ತಾನು ಮೂರು ವರ್ಷ ಅವನ ಮುಂದೆಯೇ ತಲೆ ತಗ್ಗಿಸಿ ದಾಟಿ ಹೋಗಿದ್ದೆ, ಎಂದೆಲ್ಲ. ಎದುರು ಕೂತಾಗ ಅದೆಲ್ಲ ಬಿಟ್ಟು, ಮರಳಿನಲ್ಲಿ ಒಂದು ಕಲ್ಲೂ ಇರಲಿಲ್ಲ ಕಾಕಾ ಎಂದಳು, ಅಷ್ಟೇ.

"ಜರಡಿ ನನ್ನ ಹೇಣತಿ ಹಿಡಿತಿದ್ಲು," ಎಂದ ಮುದುಕ. ಆಮೇಲೆ, "ಸಾಲಿತೇನು?" ಎಂದು ಕೇಳಿದ.

"ಒಂದು ಮೊಳ ಉಳೀತು."

ಅವನು ತಲೆಯಾಡಿಸಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಮೆಮೋಗೆ ಕೊಡಬೇಕಿದ್ದ ಉತ್ತರವನ್ನು ಕೊನೆಗೂ ಕೊಟ್ಟು ಬಂದವನಂತೆ ಅವನ ಮುಖ ಹಗುರಾಗಿತ್ತು. ಕಾಶೀಬಾಯಿ ಎದ್ದು ಬಂದು, ಕಟ್ಟಿದ ಮಲ್ಲಿಗೆಯ ಉಂಡೆ ಬಿಚ್ಚಿ, ಏನನ್ನೂ ಕೇಳದೆ ಅವನ ಕೈ ಎಳೆದುಕೊಂಡು ಅದರ ಮೇಲೆಯೇ ಮೂರು ಮೊಳ ಅಳೆದಳು. ಹೆಂಡತಿಯ ಗೋರಿಗೆ ಹಾಕೆಂದು ಮಡಿಲಿಗಿಟ್ಟಳು.

ಆ ವಾರವೇ ಮಾರ್ದನಿಯ ಪಟ್ಟಿಯಿಂದ 'ಅಪರಿಚಿತ ದೋಷ' ಎಂಬ ಹೆಸರು ಹೋಗಿ 'ಮುಂದಿನವರ ಮೊಳ' ಎಂದಾಯಿತು. ಇನ್ನು ಮೇಲೆ ಪ್ರತಿ ಜೋಡಣೆಗೂ ಅದನ್ನು ಬಿಡಬೇಕು, ಬಿಟ್ಟದ್ದನ್ನು ನಕಾಶೆಯಲ್ಲಿ ಬರೆಯಬೇಕು ಎಂದು ಹಂಚಿನಾಳ ಸಾಹೇಬರು ಆದೇಶ ಹೊರಡಿಸಿದರು. ಮೊದಲ ಮಳೆಯ ನಂತರ ಹೊಸ ಬಡಾವಣೆಗೆ ಕೇಬಲ್ಲು ಹಾಕುವಾಗ ರೇಣವ್ವ ಗುಂಡಿಯೊಳಗಿನಿಂದ ಕೂಗಿದಳು. ಆದೇಶದಲ್ಲಿ ಮೂರು ಮೊಳ ಅಂತಿದೆ, ಯಾರ ಮೊಳ ಅಂತ ಬರೆದಿಲ್ಲ, ಸಾಹೇಬರದ್ದೋ ಸರಕಾರದ್ದೋ ಎಂದು.

ದಂಡೆಯ ಮೇಲೆ ಹತ್ತು ಜನ ನಿಂತಿದ್ದರು. ಸುಗಲಾ ಚಪ್ಪಲಿ ಬಿಟ್ಟು, ಏಣಿಯಿಂದ ಗುಂಡಿಗಿಳಿದು, ತೋಳು ಮೇಲೇರಿಸಿ ಕೇಬಲ್ಲಿನ ಮೇಲೆ ಕೈ ಚಾಚಿದಳು. ರೇಣವ್ವ ಸೀಮೆಸುಣ್ಣದಿಂದ ಬೆರಳ ತುದಿಗೆ ಗುರುತು ಹಾಕಲು ಬಂದಾಗ ಸುಗಲಾ ಅವಳ ಕೈಯನ್ನು ತಡೆದಳು. ಹೂವು ಅಳೆಯುವಾಗ ಅವ್ವ ಮಾಡುತ್ತಿದ್ದ ಹಾಗೆ, ಇನ್ನೂ ಎರಡು ಬೊಟ್ಟು ಮುಂದಕ್ಕೆ ಸರಿಸಿದಳು.

ನಕಾಶೆಯಲ್ಲಿ ಆ ಮೊಳ ನಲವತ್ತಾರು ಸೆಂಟಿಮೀಟರು ಎಂದು ದಾಖಲಾಯಿತು.